ಓದಿದ ಮೇಲೆ ಇನ್ನೊಂದು ಮಾತು



ಪಠ್ಯಪುಸ್ತಕದೊಳಗೆ ಕಾದಂಬರಿಯನ್ನಿಟ್ಟು ಓದುವ ವಿದ್ಯೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವೂ ಅದರಲ್ಲಿ ಪಳಗಿದವರೇ. ಓದಿ ಮುಗಿಸಿದಾಗ ಗೆಳೆಯರು "ಹೆಂಗೈತಿ?" ಎಂದು ಕೇಳಿದರೆ, "ಚಲೋ ಐತಿ" ಅಥವಾ "ಬ್ಯಾಸರ ಬರತೈತಿ" ಎಂದು ಹೇಳಿ ಪುಸ್ತಕವನ್ನು ಮುಂದಿನವರಿಗೆ ದಾಟಿಸುತ್ತಿದ್ದೆವು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತನ್ನು ಸೇರಿಸಿ ಎಂದು ಕೇಳಲು ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಗೋಕಾಕ ಸೀಮೆಯವರಾದ ನಮಗೆ ಜನಪ್ರಿಯ ಕಾದಂಬರಿ ಹೊರಗಿನ ವಸ್ತುವಲ್ಲ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಬರೆದ ಸಾಂಸಾರಿಕ ಕಾದಂಬರಿಗಳನ್ನು ನಾಡಿನ ಮನೆಮನೆಗಳಲ್ಲಿ ಓದಿದರು. ಅವರ 'ಕುಲವಧು' 1963ರಲ್ಲಿ ಚಲನಚಿತ್ರವಾಯಿತು. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೂ ಅವರ ಕೃತಿಯೇ ಆಧಾರ. ಇಂಥ ಪುಸ್ತಕಗಳನ್ನು "ಹೊತ್ತು ಕಳೆಯಲಿಕ್ಕೆ ಓದುವಂಥವು" ಎಂದು ಬದಿಗಿಡುವ ರೂಢಿ ನಮ್ಮಲ್ಲಿದೆ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನನಗೂ ಆ ಬಿಗುಮಾನ ಬಂದಿತ್ತು.

ಕಳೆದ ದೀಪಾವಳಿಗೆ ಮಮದಾಪುರಕ್ಕೆ ಹೋಗಿದ್ದೆ. ಅಕ್ಕ ಅಂಥದೇ ಒಂದು ಸಾಂಸಾರಿಕ ಕಾದಂಬರಿಯನ್ನು ಆಗಷ್ಟೇ ಓದಿ ಮುಗಿಸಿದ್ದಳು. ಕಣ್ಣು ಕೆಂಪಾಗಿದ್ದವು. "ಮತ್ತ ಅಳೋ ಕಾದಂಬರಿಯೇನಕ್ಕಾ?" ಎಂದು ಛೇಡಿಸಿದೆ. ಅವಳೆಂದಳು: "ಅತ್ತೀನಿ, ಖರೆ. ಆದ್ರ ತಮ್ಮಾ, ಮನ್ಯಾಗ ಎಲ್ಲಾರೂ ತಪ್ಪು ಮಾಡತಾರ. ಕ್ಷಮಾ ಮಾಡಾಕಿ ಮಾತ್ರ ಆಕಿ ಒಬ್ಬಾಕಿ. ಯಾಕ?"

ನಾನು ಉತ್ತರಿಸಲಿಲ್ಲ. ಅವ್ವ ಹಾಸಿಗೆ ಹಿಡಿದ ವರ್ಷ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಅಕ್ಕ. ಓದು ಮುಂದುವರಿಸಿದವನು ನಾನು. ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬನಾಗಿದ್ದೆ.

ಮಿತ್ರರೆ, ಅಕ್ಕ ವಿಮರ್ಶೆಯ ಪುಸ್ತಕ ಓದಿದವಳಲ್ಲ. ತನಗೆ ಅಳು ಬಂದದ್ದನ್ನು ಮುಚ್ಚಿಡಲಿಲ್ಲ. ಅತ್ತ ಮಾತ್ರಕ್ಕೆ ಕಥೆ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳಲೂ ಇಲ್ಲ. ಒಳ್ಳೆಯ ಓದುಗರ ಲಕ್ಷಣ ಇದೇ ಎಂದು ನನಗೆ ತೋರುತ್ತದೆ. ಲಘುವಾದದ್ದನ್ನು ಓದಿದರೆ ದೋಷವಿಲ್ಲ, ಓದಿದ್ದನ್ನು ಲಘುವಾಗಿ ಬಿಟ್ಟುಬಿಡುವುದೇ ನಷ್ಟ.

ಇನ್ನು ಮುಂದೆ ಒಂದು ಕಾದಂಬರಿ ಮುಗಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ಪುಟ ಹಾರಿಸಿದೆ? ಯಾರ ಮಾತನ್ನು ಕಥೆ ಕೇಳಿಸಲೇ ಇಲ್ಲ? ನಮ್ಮ ಮನೆಯಲ್ಲಾಗಿದ್ದರೆ ಇದು ಹೀಗೆಯೇ ಮುಗಿಯುತ್ತಿತ್ತೇ? ಉತ್ತರಗಳನ್ನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲು ಗೀಚಿಡಿ. ಮನೆಯಲ್ಲಿ ಓದುವವರು ಬೇರೆ ಯಾರಾದರೂ ಇದ್ದರೆ ಅವರನ್ನೂ ಕೇಳಿ. ಅವರು ಹೇಳುವುದನ್ನು ಮಾತ್ರ, ನಾನು ಮಾಡಿದಂತೆ ನಗೆಯಾಡದೆ, ಪೂರ್ತಿ ಕೇಳಿಸಿಕೊಳ್ಳಿ.