ಅವಳಿ ಮಕ್ಕಳಿಂದ ಕಲಿತ ಲೆಕ್ಕ



ಬೀದರ್ ಜಿಲ್ಲೆಯ ಮುಡಬಿಯ ಕಡೆ ದೇವಣಿ ತಳಿಯ ಕರು ಕೊಳ್ಳುವ ರೈತ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸುತ್ತಾನೆ. ಮೇವು ಏನು ಹಾಕಿದ್ದೀರಿ ಎಂದೂ ಕೇಳುತ್ತಾನೆ. ತಳಿಯಿಂದ ಬಂದದ್ದೆಷ್ಟು, ಸಾಕಿದ್ದರಿಂದ ಬಂದದ್ದೆಷ್ಟು? ಮನುಷ್ಯರ ವಿಷಯದಲ್ಲಿ ಇದನ್ನು ಅಳೆಯಲು ಅವಳಿಗಳ ಮೊರೆ ಹೋದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಅದು 1875ರ ಮಾತು.

1924ರಲ್ಲಿ ಜರ್ಮನಿಯ ಚರ್ಮವೈದ್ಯ ಹರ್ಮನ್ ಸೀಮೆನ್ಸ್ ಅವಳಿಗಳ ಮೈಮೇಲಿನ ಮಚ್ಚೆ ಎಣಿಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಹೋಲಿಕೆಯನ್ನು ಎರಡು ಅಂಡಗಳಿಂದ ಹುಟ್ಟಿದವರ ಹೋಲಿಕೆಯ ಪಕ್ಕದಲ್ಲಿಟ್ಟು ನೋಡಿದರು. 1960ರಲ್ಲಿ ಡಗ್ಲಸ್ ಫಾಲ್ಕನರ್ ಅವರ ಪುಸ್ತಕದ ನಂತರ ಸರಳ ಸೂತ್ರವೊಂದು ಬಳಕೆಗೆ ಬಂತು: ಎರಡೂ ಹೋಲಿಕೆಗಳ ವ್ಯತ್ಯಾಸವನ್ನು ಇಮ್ಮಡಿಸಿ. ಎತ್ತರದಲ್ಲಿ ಮೊದಲಿನವರ ಹೋಲಿಕೆ 0.9, ಎರಡನೆಯವರದು 0.5 ಎಂದುಕೊಂಡರೆ ಅನುವಂಶೀಯತೆ 0.8.

ಇಲ್ಲಿಯೇ ಜನ ಎಡವುತ್ತಾರೆ. ಒಂದು ಮಗುವಿನ ಎತ್ತರದಲ್ಲಿ ನೂರಕ್ಕೆ ಎಂಬತ್ತು ಪಾಲು ರಕ್ತದ್ದು ಎಂದು ಇದರ ಅರ್ಥವಲ್ಲ. ಆ ಜನಸಮೂಹದೊಳಗೆ ಕಾಣುವ ಏರುಪೇರಿನಲ್ಲಿ ಅಷ್ಟು ಪಾಲು ತಳಿಯದು ಎಂದಷ್ಟೇ. ಎಲ್ಲರಿಗೂ ಹೊಟ್ಟೆತುಂಬ ಊಟ ಸಿಗುವ ದೇಶದಲ್ಲಿ ಊಟದ ವ್ಯತ್ಯಾಸ ಕಡಿಮೆ, ಹಾಗಾಗಿ ತಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಆ ಸಂಖ್ಯೆಯನ್ನು ಎತ್ತಿ ಬೀದರ್ ಜಿಲ್ಲೆಯ ಹಳ್ಳಿಗೆ ಅಂಟಿಸುವುದು ತಪ್ಪು.

ಎಲ್ಲವೂ ತಳಿಯದೇ ಎಂಬ ನಂಬಿಕೆಯಿಂದ ಘೋರವೂ ನಡೆದಿದೆ. ಮೇಲು ಕೀಳು ಹುಟ್ಟಿನಿಂದಲೇ ಎಂಬ ವಾದ ಬಲಿತು, ಔಷ್ವಿಟ್ಸ್ ಶಿಬಿರದಲ್ಲಿ ನಾಜಿ ವೈದ್ಯ ಮೆಂಗೆಲೆ ಅವಳಿ ಮಕ್ಕಳನ್ನೇ ಪ್ರಯೋಗಕ್ಕೆ ಬಲಿಕೊಟ್ಟ. ಬುದ್ಧಿಮತ್ತೆ ಬಹುಪಾಲು ಹುಟ್ಟುಗುಣವೆಂದ ಬ್ರಿಟಿಷ್ ಮನೋವಿಜ್ಞಾನಿ ಸಿರಿಲ್ ಬರ್ಟ್ ಪ್ರಕಟಿಸುತ್ತ ಹೋದ ವರದಿಗಳಲ್ಲಿ ಅವಳಿಗಳ ಜೋಡಿ ಹೆಚ್ಚಿದರೂ ಅವರ ಹೋಲಿಕೆ 0.771 ಎಂಬ ಅಂಕಿ ಕದಲಲೇ ಇಲ್ಲ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಕಾಮಿನ್ 1974ರಲ್ಲಿ ಈ ಅಸಹಜ ಹೊಂದಿಕೆಯನ್ನು ಬಯಲಿಗೆಳೆದರು.

ತಳಿಯೊಂದೇ ಎಲ್ಲವೂ ಅಲ್ಲ ಎಂಬುದಕ್ಕೆ ನಮ್ಮ ನಾಡಿನ ಸಾಕ್ಷಿಯೊಂದು ಮೈಸೂರಿನಲ್ಲಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಶಿಶುಗಳ ಜನನತೂಕ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇಷ್ಟು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚು. ವಂಶದ್ದೆಂದು ನಾವು ತಿಳಿದ ಕಾಯಿಲೆಗೆ ಗರ್ಭದ ಪೋಷಣೆಯೂ ಕಾರಣವಾಗಬಲ್ಲದು. ಅವಳಿಗಳಂತೂ ಒಂದೇ ಗರ್ಭ ಹಂಚಿಕೊಂಡವರು. ಅವರ ಹೋಲಿಕೆಯನ್ನು ಅಳೆಯುವಾಗ ಇದು ನೆನಪಿರಬೇಕು.

ಮಗು ಬೆಳೆಯಲಿಲ್ಲ, ಓದಿನಲ್ಲಿ ಹಿಂದುಳಿಯಿತು ಎಂದಾಗ "ಆ ಮನೆತನವೇ ಹಾಗೆ" ಎನ್ನಬೇಡಿ. ಮೊದಲು ಅಂಗನವಾಡಿಗೆ ಕರೆದೊಯ್ದು ತೂಕ ಹಾಕಿಸಿ. ಬಸುರಿ ತಾಯಿಯ ತಟ್ಟೆಯಲ್ಲಿ ರೊಟ್ಟಿಯ ಜೊತೆ ಬೇಳೆ, ಸೊಪ್ಪು ಇದೆಯೇ ನೋಡಿ.