ಎಪ್ಪತ್ತೈದನೆಯ ಮಹಡಿಯ ಅನಂತರ



ಕಥೆಯೊಂದು ಮೊದಲ ಭಾಗದಲ್ಲಿ ನಿಮ್ಮ ನಿದ್ದೆ ಕೆಡಿಸುತ್ತದೆ. ಮೂರನೆಯ ಭಾಗಕ್ಕೆ ಬರುವ ಹೊತ್ತಿಗೆ ಪುಟ ಮಗುಚುವುದೇ ಪ್ರಯಾಸವಾಗುತ್ತದೆ. ಈ ಅನುಭವ ನಿಮ್ಮಲ್ಲಿ ಬಹಳ ಮಂದಿಗೆ ಆಗಿರಬಹುದು. ‘ಆರಂಭ ಚೆನ್ನಾಗಿತ್ತು, ಆಮೇಲೆ ಕೆಟ್ಟಿತು’ ಎಂದು ಹೇಳಿ ಪುಸ್ತಕ ಮುಚ್ಚಿಡುತ್ತೇವೆ. ಏಕೆ ಕೆಟ್ಟಿತು ಎಂದು ಕೇಳುವವರು ಕಡಿಮೆ. ಇಂದು ಆ ಪ್ರಶ್ನೆಯನ್ನು ಜಪಾನಿನ ಒಂದು ಕಾದಂಬರಿ ಮಾಲೆಯನ್ನು ಮುಂದಿಟ್ಟುಕೊಂಡು ಕೇಳೋಣ. ಮಾಲೆಯ ಹೆಸರು ‘ಸೋರ್ಡ್ ಆರ್ಟ್ ಆನ್‌ಲೈನ್’. ಬರೆದವರು ರೇಕಿ ಕವಹರ. 2012ರಿಂದ ಬಂದ ಇದರ ಟೆಲಿವಿಷನ್ ಚಿತ್ರಮಾಲೆಯನ್ನು ನಿಮ್ಮಲ್ಲಿ ಕೆಲವರು ನೋಡಿಯೂ ಇರುತ್ತೀರಿ. ಕಥೆಯನ್ನು ಬಿಡಿಸಿ ಹೇಳದೆ ಈ ಚರ್ಚೆ ಸಾಧ್ಯವಿಲ್ಲ. ಇನ್ನೂ ಓದದವರು ಕ್ಷಮಿಸಬೇಕು.

ಜಪಾನಿನಲ್ಲಿ ‘ಲೈಟ್ ನಾವೆಲ್’ ಎಂಬ ಒಂದು ಬಗೆಯ ಪುಸ್ತಕವಿದೆ. ಹೆಸರು ಇಂಗ್ಲಿಷಿನದಾಗಿ ಕಂಡರೂ ಆ ಜೋಡಿಪದ ಹುಟ್ಟಿದ್ದು ಜಪಾನಿನಲ್ಲೇ. ಪುಸ್ತಕ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಹೊದಿಕೆಯ ಮೇಲೆ ಬಣ್ಣದ ಚಿತ್ರ, ಒಳಗೆ ಅಲ್ಲಲ್ಲಿ ಕಪ್ಪುಬಿಳುಪಿನ ಚಿತ್ರ, ಸರಳ ವಾಕ್ಯ, ಧಾರಾಳವಾದ ಸಂಭಾಷಣೆ. ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರನ್ನು ಕಣ್ಣಮುಂದಿಟ್ಟುಕೊಂಡೇ ಬರೆಯುವಂಥದು. ಒಂದು ಸಂಪುಟ ಗೆದ್ದರೆ ಎರಡನೆಯದು, ಅದು ಗೆದ್ದರೆ ಮೂರನೆಯದು. ಹೀಗೆ ಹತ್ತಿಪ್ಪತ್ತು ಸಂಪುಟಗಳವರೆಗೆ ಬೆಳೆಯುವುದು ವಾಡಿಕೆ. ಅದ್ಭುತ ಲೋಕಗಳ ಕಥೆಗಳಿಗೆ ಇಲ್ಲಿ ಬೇಡಿಕೆ ಹೆಚ್ಚು.

ಕವಹರ ಅವರ ಕಥೆಯ ಮೂಲಸಂಗತಿ ಒಂದೇ ಉಸಿರಿನಲ್ಲಿ ಹೇಳಬಹುದಾದಷ್ಟು ಸರಳ. 2022ರ ನವೆಂಬರ್ 6ರಂದು ಹೊಸ ಕಂಪ್ಯೂಟರ್ ಆಟವೊಂದು ಆರಂಭವಾಗುತ್ತದೆ. (ಕಥೆ ಬರೆದಾಗ ದೂರದಲ್ಲಿದ್ದ ಆ ದಿನಾಂಕ ಈಗ ಕಳೆದುಹೋಗಿದೆ, ಅಂಥ ಆಟ ಮಾತ್ರ ಬಂದಿಲ್ಲ.) ಶಿರಸ್ತ್ರಾಣದಂಥ ಉಪಕರಣವನ್ನು ತಲೆಗೆ ಧರಿಸಿ ಮಲಗಿದರೆ ಆಯಿತು, ದೇಹ ಇಲ್ಲಿ, ಅನುಭವವೆಲ್ಲ ಆಟದೊಳಗೆ. ಆಟ ನಡೆಯುವುದು ಆಕಾಶದಲ್ಲಿ ತೇಲುವ ಐನ್‌ಕ್ರಾಡ್ ಎಂಬ ನೂರು ಮಹಡಿಯ ಕೋಟೆಯಲ್ಲಿ. ಮೊದಲ ದಿನ ಒಳಹೊಕ್ಕವರು ಸುಮಾರು ಹತ್ತು ಸಾವಿರ ಮಂದಿ. ಸಂಜೆ ಹೊರಗೆ ಬರಲು ನೋಡಿದರೆ ಆ ಗುಂಡಿಯೇ ಮಾಯವಾಗಿದೆ. ಆಟವನ್ನು ನಿರ್ಮಿಸಿದ ಅಕಿಹಿಕೊ ಕಯಬ ಪ್ರತ್ಯಕ್ಷನಾಗಿ ಷರತ್ತು ಹೇಳುತ್ತಾನೆ. ನೂರನೆಯ ಮಹಡಿ ಗೆದ್ದರೆ ಎಲ್ಲರಿಗೂ ಬಿಡುಗಡೆ. ಅಲ್ಲಿಯವರೆಗೆ ಆಟದಲ್ಲಿ ಸತ್ತವರು ನಿಜವಾಗಿಯೂ ಸಾಯುತ್ತಾರೆ. ಹೊರಗಿನವರು ಶಿರಸ್ತ್ರಾಣ ಕಿತ್ತರೂ ಸಾವೇ. ಮನೆಮಂದಿ ಗಾಬರಿಯಲ್ಲಿ ಕಿತ್ತುದರಿಂದ ಆ ಹೊತ್ತಿಗಾಗಲೇ 213 ಮಂದಿ ಹೋಗಿದ್ದಾರೆ.

ಇಂಥ ಆರಂಭಕ್ಕೆ ಮರುಳಾಗದವರು ಯಾರು? ಆದರೆ ಮೊದಲ ಸಂಪುಟದ ಹೆಚ್ಚುಗಾರಿಕೆ ಬರೀ ಈ ಷರತ್ತಿನದಲ್ಲ. ಸಾವಿನ ನೆರಳಿನಲ್ಲಿ ಜನ ಬದುಕನ್ನು ಹೇಗೆ ಹೂಡಿಕೊಳ್ಳುತ್ತಾರೆ ಎಂಬುದನ್ನು ಲೇಖಕರು ಕಂಡಿದ್ದಾರೆ. ಕಥಾನಾಯಕ ಕಿರಿತೊ ಒಂಟಿಯಾಗಿ ಕಾದುವ ಹುಡುಗ. ನಾಯಕಿ ಅಸುನಾ ಬಲಾಢ್ಯ ತಂಡವೊಂದರ ಉಪನಾಯಕಿ, ಕತ್ತಿವರಸೆಯಲ್ಲಿ ಅವನಿಗೆ ಸರಿಸಮ. ಇವರಿಬ್ಬರೂ ಅಲ್ಲೇ ಮದುವೆಯಾಗಿ ಇಪ್ಪತ್ತೆರಡನೆಯ ಮಹಡಿಯ ಕಾಡಿನಲ್ಲಿ ಮನೆ ಮಾಡುತ್ತಾರೆ. ಅಲ್ಲಿನ ಕೆರೆಯ ದಂಡೆಯಲ್ಲಿ ನಿಶಿದಾ ಎಂಬ ನಡುವಯಸ್ಸು ದಾಟಿದ ಮನುಷ್ಯ ಗಾಳ ಹಾಕಿ ಕುಳಿತಿರುತ್ತಾನೆ. ಅವನು ಆಟವಾಡಲು ಬಂದವನೇ ಅಲ್ಲ. ಆಟಕ್ಕೆ ಸಂಪರ್ಕಜಾಲ ಒದಗಿಸಿದ ಸಂಸ್ಥೆಯ ಅಧಿಕಾರಿ. ತನ್ನ ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಳಗೆ ಬಂದು ಸಿಕ್ಕಿಬಿದ್ದವನು. ಹೊರಗಿನ ಕೆಲಸ ಏನಾಯಿತೋ ಎಂಬ ಕೊರಗು, ಇಲ್ಲಿ ದಿನವೂ ಮೀನು ಹಿಡಿಯುವ ಸಮಾಧಾನ. ಕತ್ತಿಕಾಳಗದ ಕಥೆಯಲ್ಲಿ ಈ ಮುದುಕನಿಗೆ ಜಾಗ ಕೊಟ್ಟ ಲೇಖಕನ ಕಣ್ಣು ಸಾಮಾನ್ಯದ್ದಲ್ಲ.

ಎರಡನೆಯ ಸಂಪುಟದಲ್ಲಿ ಇನ್ನೂ ಒಳ್ಳೆಯ ಕಥೆಯೊಂದಿದೆ. ಒಂದು ಹೈಸ್ಕೂಲಿನ ಕಂಪ್ಯೂಟರ್ ಸಂಘದ ಐವರು ಗೆಳೆಯರು ಕಟ್ಟಿಕೊಂಡ ಚಿಕ್ಕ ತಂಡಕ್ಕೆ ಕಿರಿತೊ ಸೇರುತ್ತಾನೆ. ಅವರಿಗಿಂತ ತಾನು ಎಷ್ಟೋ ಪಾಲು ಬಲಶಾಲಿ ಎಂಬುದನ್ನು ಮುಚ್ಚಿಡುತ್ತಾನೆ. ಏಕೆ? ಆ ಗೆಳೆತನದ ಬೆಚ್ಚಗಿನಲ್ಲಿ ಕೂರುವ ಆಸೆ. ನಿಜ ಹೇಳಿದರೆ ದೂರವಿಟ್ಟಾರೆಂಬ ಅಂಜಿಕೆ. ತಂಡದಲ್ಲಿ ಸಚಿ ಎಂಬ ಹುಡುಗಿ ಇದ್ದಾಳೆ. ಸಾವಿನ ಭಯದಿಂದ ಆಕೆಗೆ ರಾತ್ರಿ ನಿದ್ದೆ ಇಲ್ಲ. ‘ನೀನು ಸಾಯುವುದಿಲ್ಲ’ ಎಂದು ಕಿರಿತೊ ಧೈರ್ಯ ಹೇಳುತ್ತಾನೆ. ಒಂದು ದಿನ ನಾಯಕ ಮನೆ ಕೊಳ್ಳಲು ಹೋದಾಗ ಉಳಿದವರು ಇಪ್ಪತ್ತೇಳನೆಯ ಮಹಡಿಗೆ ಹೋಗಿ ಅಲ್ಲಿನ ಬಲೆಗೆ ಬೀಳುತ್ತಾರೆ. ಕಿರಿತೊನ ಕಣ್ಣೆದುರೇ ಸಚಿ ಸಾಯುತ್ತಾಳೆ. ಸುದ್ದಿ ಕೇಳಿದ ನಾಯಕ ಕೋಟೆಯ ಅಂಚಿನಿಂದ ಹಾರಿಕೊಳ್ಳುತ್ತಾನೆ. ಮುಂದೆ ಕ್ರಿಸ್‌ಮಸ್ ರಾತ್ರಿ, ಸತ್ತವರನ್ನು ಬದುಕಿಸುವ ವಸ್ತುವೊಂದು ಸಿಗುತ್ತದೆಂಬ ವದಂತಿ ನಂಬಿ ಕಿರಿತೊ ಒಬ್ಬನೇ ಹೋಗಿ ಹೋರಾಡಿ ಅದನ್ನು ಪಡೆಯುತ್ತಾನೆ. ವಸ್ತುವೇನೋ ನಿಜ. ಆದರೆ ಸತ್ತು ಹತ್ತು ಸೆಕೆಂಡುಗಳೊಳಗೆ ಬಳಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಇಲ್ಲಿ ನೀವು ಸ್ವಲ್ಪ ನಿಂತು ನೋಡಬೇಕು. ಆ ಸಾವಿಗೆ ಕಾರಣ ಬಲೆ ಮಾತ್ರವೆ? ನಾಯಕನ ಸುಳ್ಳೂ ಹೌದು. ನಾಯಕನ ಶೌರ್ಯಕ್ಕೆ ಮಾಡಲಾಗದ ಕೆಲಸ ಒಂದಿದೆ ಎಂದು ಕಥೆ ಒಪ್ಪಿಕೊಳ್ಳುತ್ತದೆ. ಹದಿಹರೆಯದವರಿಗೆಂದು ಬರೆದ ಸಾಹಸಕಥೆಗಳು ಈ ಮಾತನ್ನು ಒಪ್ಪುವುದು ಬಹಳ ವಿರಳ.

ಹಾಗಾದರೆ ತೊಡಕು ಎಲ್ಲಿಂದ ಶುರುವಾಯಿತು? ನನ್ನ ಎಣಿಕೆಯಲ್ಲಿ, ಮೊದಲ ಸಂಪುಟದಲ್ಲೇ. ಮೊದಲ ದಿನದ ಕಥೆ ಮುಗಿದ ಕೂಡಲೇ ಅದು ಎರಡು ವರ್ಷ ದಾಟಿ ಎಪ್ಪತ್ತನಾಲ್ಕನೆಯ ಮಹಡಿಗೆ ಹಾರುತ್ತದೆ. ಎಪ್ಪತ್ತೈದನೆಯದರಲ್ಲಿ ವೇಷ ಮರೆಸಿಕೊಂಡಿದ್ದ ಕಯಬ ಸಿಕ್ಕಿಬೀಳುತ್ತಾನೆ, ಕಿರಿತೊ ಅವನನ್ನು ಸೋಲಿಸುತ್ತಾನೆ, ಆಟ ಮುಗಿಯುತ್ತದೆ. ನೂರು ಮಹಡಿಯ ಕೋಟೆ ಒಂದೇ ಪುಸ್ತಕದಲ್ಲಿ ಕರಗಿಹೋಯಿತು. ಕಾರಣವೂ ಇದೆ. ಕವಹರ ಇದನ್ನು ಬರೆದದ್ದು ಒಂದು ಕಾದಂಬರಿ ಸ್ಪರ್ಧೆಗೆಂದು. ಸ್ಪರ್ಧೆಯ ಪುಟಮಿತಿ ಮೀರಿತು, ಕಳುಹಿಸಲಾಗಲಿಲ್ಲ. 2002ರಲ್ಲಿ ಅಂತರಜಾಲದಲ್ಲಿ ಪ್ರಕಟಿಸಿದರು. ಒಂದೇ ಪುಸ್ತಕವಾಗಿ ಮುಗಿಯಲೆಂದೇ ಬರೆದ ಕಥೆ ಅದು; ಹಾಗೆ ಓದಿದರೆ ಅದರ ಮುಕ್ತಾಯ ಚೆನ್ನಾಗಿಯೇ ಇದೆ.

‘ಚಂದಮಾಮ’ದ ವಿಕ್ರಮ–ಬೇತಾಳರನ್ನು ನೆನೆಸಿಕೊಳ್ಳಿ. ರಾಜ ಮೌನ ಮುರಿದರೆ ಬೇತಾಳ ಮತ್ತೆ ಮರಕ್ಕೆ. ಅಂದರೆ ಕಥೆ ಮುಂದುವರಿಯುವ ಉಪಾಯ ಕಥೆಯೊಳಗೇ ಇದೆ. ಐನ್‌ಕ್ರಾಡಿನಲ್ಲಿ ಅಂಥ ಉಪಾಯ ಇರಲಿಲ್ಲ. ಕೋಟೆ ಬಿದ್ದ ಮೇಲೆ ‘ಇಲ್ಲಿ ಸತ್ತರೆ ಅಲ್ಲಿಯೂ ಸಾವು’ ಎಂಬ ನಿಯಮವೂ ಬಿದ್ದುಹೋಯಿತು. ಮುಂದಿನ ಸಂಪುಟಗಳು ಆ ಭಾರವನ್ನು ಬೇರೆ ಕಡೆಯಿಂದ ತರಬೇಕಾಯಿತು.

ಮೂರು ಮತ್ತು ನಾಲ್ಕನೆಯ ಸಂಪುಟಗಳು ಅದನ್ನು ತಂದದ್ದು ಖಳನಾಯಕನ ನೀಚತನದಿಂದ. ಹೊಸ ಆಟದಲ್ಲಿ ಆಟಗಾರರಿಗೆ ರೆಕ್ಕೆಗಳಿವೆ. ಹಾರುವ ಸುಖದ ವರ್ಣನೆ ಸೊಗಸಾಗಿದೆ, ಅದನ್ನು ಮರೆಯಬಾರದು. ಆದರೆ ಇಲ್ಲಿ ಸತ್ತವರು ಮತ್ತೆ ಏಳುತ್ತಾರೆ. ಕಿರಿತೊನ ಹಳೆಯ ಬಲವೆಲ್ಲ ಹೊಸ ಆಟಕ್ಕೂ ಬಂದುಬಿಟ್ಟಿದೆ; ಬೆವರು ಸುರಿಸುವ ಅಗತ್ಯವೇ ಇಲ್ಲ. ಎಲ್ಲಕ್ಕಿಂತ ಬೇಸರದ ಸಂಗತಿ ಅಸುನಾಳದು. ಸೈನ್ಯ ನಡೆಸುತ್ತಿದ್ದವಳು ಮರದ ತುದಿಯ ಚಿನ್ನದ ಪಂಜರದಲ್ಲಿ ಕುಳಿತು ಬಿಡಿಸುವವನ ದಾರಿ ಕಾಯುತ್ತಾಳೆ. ಒಮ್ಮೆ ತಾನೇ ತಪ್ಪಿಸಿಕೊಳ್ಳಲು ಹೊರಡುತ್ತಾಳೆ, ನಿಜ. ಕಥೆ ಅವಳನ್ನು ಹಿಡಿದು ತಂದು ಮತ್ತೆ ಒಳಗೆ ಕೂರಿಸುತ್ತದೆ. ಆಕೆಗೆ ಅವಮಾನ ಮಾಡುವ ದೃಶ್ಯವನ್ನು ಎಳೆದು ತೋರಿಸಿ ನಾಯಕನ ಕೋಪಕ್ಕೆ ಸೌದೆ ಒಟ್ಟಲಾಗುತ್ತದೆ. ಕಡೆಗೆ ಗೆಲುವು ಬರುವುದು ಕತ್ತಿಯಿಂದಲೂ ಅಲ್ಲ, ಬುದ್ಧಿಯಿಂದಲೂ ಅಲ್ಲ. ಸತ್ತ ಕಯಬನ ನೆರಳು ಬಂದು ಆಟದ ಒಡೆತನದ ಅಧಿಕಾರವನ್ನೇ ಕಿರಿತೊನ ಕೈಗಿಡುತ್ತದೆ! ಸಚಿಯ ಕಥೆಯಲ್ಲಿ ಹತ್ತು ಸೆಕೆಂಡಿನ ನಿಯಮ ಸಡಿಲಿಸದಿದ್ದ ಲೇಖಕರೇ ಇವರು?

‘ಪ್ರಕಾಶಕರ ದುರಾಸೆ, ಸಂಪುಟ ಎಳೆದರು’ ಎಂದು ಓದುಗರು ಗೊಣಗುವುದುಂಟು. ಕೇಳಲು ಸರಿ ಎನಿಸುತ್ತದೆ. ಆದರೆ ವರ್ಷಗಳನ್ನು ನೋಡಿ. ಕವಹರ ‘ಆಕ್ಸೆಲ್ ವರ್ಲ್ಡ್’ ಎಂಬ ಬೇರೊಂದು ಕೃತಿಗೆ ಡೆಂಗೆಕಿ ಕಾದಂಬರಿ ಸ್ಪರ್ಧೆಯ ಮಹಾಬಹುಮಾನ ಪಡೆದದ್ದು 2008ರಲ್ಲಿ. ‘ಸೋರ್ಡ್ ಆರ್ಟ್ ಆನ್‌ಲೈನ್’ ಮುದ್ರಣ ಕಂಡದ್ದು 2009ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮುಂದಿನ ಕಥೆಗಳ ಬಹುಭಾಗವನ್ನು ಅವರು ಅಂತರಜಾಲದಲ್ಲಿ, ಯಾವ ಪ್ರಕಾಶಕರ ಒತ್ತಾಯವೂ ಇಲ್ಲದೆ ಬರೆದು ಮುಗಿಸಿದ್ದರು. ಹಾಗಾಗಿ ಇಳಿತದ ಹೊಣೆಯನ್ನು ಪೇಟೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಇನ್ನೊಂದು ಮಾತು: ಈ ಮಾಲೆ ಇಳಿದದ್ದು ಗುಣದಲ್ಲಿ, ಮಾರಾಟದಲ್ಲಿ ಅಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇಳಿತವೂ ಒಂದೇ ಸಮನಾದ ಇಳಿಜಾರಲ್ಲ. ಐದು, ಆರನೆಯ ಸಂಪುಟಗಳಲ್ಲಿ ಶಿನೊ ಎಂಬ ಹುಡುಗಿ ಬರುತ್ತಾಳೆ. ಹನ್ನೊಂದನೆಯ ವಯಸ್ಸಿನಲ್ಲಿ ಅಂಚೆಕಚೇರಿಗೆ ನುಗ್ಗಿದ ದರೋಡೆಕಾರನಿಂದ ತಾಯಿಯನ್ನು ಉಳಿಸಲು ಅವನದೇ ಪಿಸ್ತೂಲಿನಿಂದ ಅವನನ್ನು ಕೊಂದವಳು. ಅಂದಿನಿಂದ ಪಿಸ್ತೂಲಿನ ಚಿತ್ರ ಕಂಡರೂ ನಡುಗುತ್ತಾಳೆ. ಆ ಭಯ ಗೆಲ್ಲಲೆಂದೇ ಬಂದೂಕುಗಳ ಆಟಕ್ಕೆ ಸೇರುತ್ತಾಳೆ. ಏಳನೆಯ ಸಂಪುಟದ ಯೂಕಿ ಹುಟ್ಟಿನಿಂದಲೇ ಎಚ್‌ಐವಿ ಸೋಂಕು ತಗುಲಿದವಳು. ಆಸ್ಪತ್ರೆಯ ಕೋಣೆಯಲ್ಲಿ ಯಂತ್ರವೊಂದಕ್ಕೆ ಜೋಡಿಸಿಕೊಂಡು ಮಲಗಿರುವ ಆಕೆಗೆ ಓಡಾಡಲು, ನಗಲು ಉಳಿದಿರುವ ಬಯಲು ಆ ಆಟವೊಂದೇ. ಅವಳೊಡನೆ ಗೆಳೆತನ ಬೆಳೆಸುವವಳು ಅಸುನಾ. ಈ ಸಂಪುಟದಲ್ಲಿ ಕಥೆ ನಡೆಸುವವಳೂ ಅವಳೇ, ಕಿರಿತೊ ಬದಿಗೆ ಸರಿದಿದ್ದಾನೆ. ಮೊದಲೆರಡರ ಜೊತೆಗೆ ಈ ಏಳನೆಯದನ್ನೂ ನೀವು ಓದಬಹುದೆಂದು ಧೈರ್ಯವಾಗಿ ಹೇಳುತ್ತೇನೆ. ಈ ಎರಡು ಕಥೆಗಳಲ್ಲಿ ಆಟದ ನಿಯಮದಿಂದ ಬರುತ್ತಿದ್ದ ಭಾರ ಮನುಷ್ಯರ ಬಾಳಿನಿಂದಲೇ ಬಂದಿದೆ. ಅದಕ್ಕೇ ಅವು ನಿಲ್ಲುತ್ತವೆ.

ಒಂಬತ್ತರಿಂದ ಹದಿನೆಂಟರವರೆಗೆ ಹತ್ತು ಸಂಪುಟಗಳಲ್ಲಿ ಹಬ್ಬಿದ ಒಂದೇ ಕಥೆ 2012ರಿಂದ 2016ರವರೆಗೆ ಬಂತು. ಕಂಪ್ಯೂಟರಿನೊಳಗೆ ಕೃತಕವಾಗಿ ಬೆಳೆಸಿದ ಮನಸ್ಸುಗಳ ಒಂದು ಲೋಕ. ಅಲ್ಲಿನವರಿಗೆ ಕಾನೂನು ಮೀರಲು ಸಾಧ್ಯವೇ ಇಲ್ಲ. ಕಣ್ಣೆದುರಿನ ಅನ್ಯಾಯ ತಡೆಯಲು ಆ ಕಾನೂನು ಮೀರಬೇಕಾಗಿ ಬಂದಾಗ ಯೂಜಿಯೋ ಎಂಬ ಸಾಧು ಹುಡುಗನ ಒಂದು ಕಣ್ಣೇ ಸಿಡಿದುಹೋಗುತ್ತದೆ. ವಿಚಾರ ದೊಡ್ಡದು. ಆದರೆ ಆ ಅನ್ಯಾಯ ಕೂಡ ಹುಡುಗಿಯರ ಮಾನಕ್ಕೆ ಬಂದ ಅಪಾಯವೇ. ಪಂಜರದ ಹಳೆಯ ಸೂತ್ರ ಮತ್ತೆ ಬಂತು. ಉತ್ತರಾರ್ಧದಲ್ಲಿ ಕಿರಿತೊ ಬಹುಕಾಲ ಪ್ರಜ್ಞೆಯಿಲ್ಲದೆ ಗಾಲಿಕುರ್ಚಿಯಲ್ಲಿರುತ್ತಾನೆ. ಸುತ್ತ ಯುದ್ಧವೋ ಯುದ್ಧ, ದಂಡುಗಳ ಮೇಲೆ ದಂಡು. ಅವನು ಎದ್ದ ಮೇಲೆ ತಡೆಯುವವರೇ ಇಲ್ಲ. ಆ ಭಾಗವನ್ನು ಓದಿ ಮುಗಿಸಲು ತಾಳ್ಮೆ ಬೇಕು.

ಇಷ್ಟರ ನಡುವೆ ಕವಹರ ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿದರು. 2012ರ ಅಕ್ಟೋಬರ್‌ನಲ್ಲಿ ‘ಪ್ರೊಗ್ರೆಸಿವ್’ ಎಂಬ ಇನ್ನೊಂದು ಮಾಲೆ ತೊಡಗಿ, ಹಾರಿಹೋಗಿದ್ದ ಆ ಎರಡು ವರ್ಷಗಳನ್ನು ಒಂದನೆಯ ಮಹಡಿಯಿಂದ ಮತ್ತೆ ಬರೆಯತೊಡಗಿದರು. ಕಿರಿತೊ, ಅಸುನಾ ಇಬ್ಬರೂ ಅಗ್ಗದ ಕಪ್ಪು ಬ್ರೆಡ್ಡಿಗೆ ಕೆನೆ ಸವರಿಕೊಂಡು ತಿನ್ನುವ ದೃಶ್ಯ ಆರಂಭದ ಭಾಗದಲ್ಲೇ ಇದೆ. ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತಿದ್ದವನನ್ನು ಕಂಡ ಕಣ್ಣು ಮರಳಿ ಬಂದಂತಿದೆ. ಇಲ್ಲಿ ತೊಡಕುಗಳಿಲ್ಲದಿಲ್ಲ. ಮೊದಲ ಸಂಪುಟದ ಒಂಟಿ ಹುಡುಗ ಇಲ್ಲಿ ಮೊದಲ ಮಹಡಿಯಿಂದಲೇ ಜೊತೆಗಾತಿಯೊಡನೆ ನಡೆಯುತ್ತಾನೆ. ಎರಡು ಕಥೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಇಬ್ಬರೂ ಎಪ್ಪತ್ತೈದನೆಯ ಮಹಡಿಯವರೆಗೆ ಬದುಕಿರುತ್ತಾರೆಂಬುದೂ ನಮಗೆ ಮೊದಲೇ ಗೊತ್ತು. ಆದರೂ ಒಂದೊಂದೇ ಮೆಟ್ಟಿಲು ಹತ್ತುವ ನಿಧಾನ ಈ ಪುಸ್ತಕಗಳಿಗೆ ಒಗ್ಗಿದೆ. ಹಿಂದೆ ಒಂದೇ ಸಂಪುಟ ಎಪ್ಪತ್ತೈದು ಮಹಡಿ ಮುಗಿಸಿತ್ತು. ಈ ಮಾಲೆಯ ಎಂಟನೆಯ ಸಂಪುಟ 2021ರಲ್ಲಿ ಬಂದಾಗ ಏಳನೆಯ ಮಹಡಿ ಮುಗಿದಿತ್ತು. ಸಚಿ ಸತ್ತದ್ದು ಇಪ್ಪತ್ತೇಳನೆಯದರಲ್ಲಿ.