ಒಲೆಯವರೆಗೂ ಬರಬೇಕಾದ ಪ್ರಮಾಣಪತ್ರ

ಆಹಾರ ಸುರಕ್ಷತಾ ಅಧಿಕಾರಿಗಳೇ, ಬೆಳಗಿನ ಬ್ರೆಡ್ಡು ಇಳಿಸಿ, ಕೈ ತೊಳೆದುಕೊಂಡು ನೇರವಾಗಿ ಇಲ್ಲಿಗೆ ಬಂದಿರುವ ಬೇಕರಿ ಮಾಲೀಕರೇ, ಮಾಸ್ಟರ್‌ಗಳೇ,

ಆಹಾರ ಸುರಕ್ಷತೆಯ ಈ ವಿಚಾರ ಸಂಕಿರಣ ಬೆಂಗಳೂರಿನ ಕಮ್ಮನಹಳ್ಳಿಯಲ್ಲೇ ನಡೆಯುತ್ತಿರುವುದು ನನಗೆ ತುಂಬ ಸಂತೋಷದ ಸಂಗತಿ. ಸಂಜೆ ನೆಹರೂ ರಸ್ತೆಯಲ್ಲಿ ನಡೆದರೆ ಖಾರಾ ಬನ್ನಿನ ಘಮ ಒಂದು ಕಡೆ, ಗೋಬಿ ಮಂಚೂರಿ ಗಾಡಿಯ ಹೊಗೆ ಇನ್ನೊಂದು ಕಡೆ. ಪಕ್ಕದ ಲಿಂಗರಾಜಪುರದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಪ್ಲಮ್ ಕೇಕಿನ ಕೆಲಸ. ಇವನ್ನೆಲ್ಲ ಮಾಡಿ ಮಾರುವವರು ಇಂದು ಆಹಾರ ಸುರಕ್ಷತೆಯ 14 ಅಂಕಿಯ ಒಂದು ಸಂಖ್ಯೆಯನ್ನು ಪಡೆಯಲೇಬೇಕು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಬಂದ 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನವರೆಗೆ ಬರಿಯ ನೋಂದಣಿ ಸಾಕೆಂದವು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕೆ ಮೇಲ್ಪಟ್ಟವರಿಗೆ ಪರವಾನಗಿ. ಈ ಸಂಖ್ಯೆ ಇಲ್ಲದೆ ಮನೆಮನೆಗೆ ಊಟ ತಲುಪಿಸುವ ಆ್ಯಪ್‌ಗಳು ಸೇರಿಸಿಕೊಳ್ಳುವುದಿಲ್ಲ, ಸೂಪರ್ ಮಾರ್ಕೆಟ್ಟಿನವರು ಸರಕು ಮುಟ್ಟುವುದಿಲ್ಲ. ನೂರು ರೂಪಾಯಿಯ ಈ ಕೆಲಸಕ್ಕೆ ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ಕೊಟ್ಟವರನ್ನು ನಾನು ಕಂಡಿದ್ದೇನೆ. ಅವರ ಮೇಲೆ ನನಗೆ ಕೋಪವಿಲ್ಲ. ಅರ್ಜಿಯ ಭಾಷೆ ಅವರದಲ್ಲ.

ಆದರೆ ಆ ಸಂಖ್ಯೆ ನಮಗೆ ಏನು ಹೇಳುತ್ತದೆ? ನೋಂದಣಿಯ ಅರ್ಜಿ ಹಾಕಿ 7 ದಿನಗಳಲ್ಲಿ ಉತ್ತರವಾಗಲಿ ತಪಾಸಣೆಯ ಆದೇಶವಾಗಲಿ ಬರದಿದ್ದರೆ ವ್ಯಾಪಾರ ಶುರುಮಾಡಬಹುದೆಂದು ಅದೇ ನಿಯಮಗಳು ಹೇಳಿದ್ದವು. ಅಂದರೆ ತಿಂಡಿ ಯಾರದು, ಎಲ್ಲಿಯದು ಎಂಬುದಕ್ಕೆ ಅದು ಗುರುತು, ಅಷ್ಟೆ. ಹನಿ ಕೇಕಿನ ಮೇಲಿನ ಕೆಂಪು ಜಾಮಿನಲ್ಲಿ ಏನಿದೆ ಎಂಬುದು ಆ ಸಂಖ್ಯೆಗೆ ತಿಳಿಯದು.

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಅದೇ ವರ್ಷ ಬೆಂಗಳೂರಿನ ಬೇಕರಿಗಳ ಕೇಕಿನ 235 ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಗೊತ್ತಾಯಿತು. ಅಲ್ಲಿಯೂ ಕಾರಣ ಬಣ್ಣವೇ. ಇದನ್ನು ದುರಾಸೆಯ ಕಥೆ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಬಹುಪಾಲು ಇದು ಚಿಟಿಕೆಯ ಕಥೆ. ಮಾಸ್ಟರ್ ತನ್ನ ಮಾಸ್ಟರಿನಿಂದ ಕಲಿತದ್ದು ಚಿಟಿಕೆಯ ಅಳತೆ. ಕಾನೂನು ಕೇಳುವುದು ಕಿಲೋಗೆ ಎಷ್ಟು ಮಿಲಿಗ್ರಾಂ ಎಂದು. ಈ ಎರಡರ ನಡುವೆ ಒಬ್ಬ ಮೇಷ್ಟ್ರು ಇರಬೇಕಿತ್ತು, ಇರಲಿಲ್ಲ.

ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ 2016ರಲ್ಲಿ ನಿಷೇಧವಾಯಿತು. 2022ರ ಜನವರಿಯಿಂದ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರುವಂತಿಲ್ಲ. ಎರಡೂ ಒಳ್ಳೆಯ ನಿರ್ಧಾರಗಳೇ. ದೊಡ್ಡ ಕಾರ್ಖಾನೆಗೆ ತನ್ನದೇ ಪ್ರಯೋಗಾಲಯವಿದೆ, ನಿಯಮ ಬದಲಾದ ದಿನವೇ ತಿಳಿಯುತ್ತದೆ. ನಾಲ್ಕು ಜನ ದುಡಿಯುವ ಬೇಕರಿಯಲ್ಲಿ ಡಾಲ್ಡಾ ಡಬ್ಬದ ಸಣ್ಣ ಅಕ್ಷರ ಓದಿ ಹೇಳುವವರು ಯಾರು? ಆ ಅಕ್ಷರವೂ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಕಾನೂನಿಗೆ ಸಾಕು. ಕನ್ನಡ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದು ಎಂದಷ್ಟೇ ಲೇಬಲ್ ನಿಯಮ ಹೇಳುತ್ತದೆ. ಇದು ನನ್ನನ್ನು ಬಹಳ ಕಾಡುತ್ತದೆ.

ನನ್ನ ಕೋರಿಕೆ ಇದು: ಸಂಖ್ಯೆ ಪಡೆದ ಬೇಕರಿಗೆ ಆಹಾರ ಸುರಕ್ಷತಾ ಇಲಾಖೆಯ ಮೊದಲ ಭೇಟಿ ಕಲಿಸುವ ಭೇಟಿಯಾಗಲಿ, ಮಾದರಿ ಒಯ್ಯುವುದು ಆಮೇಲೆ. ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಇಲ್ಲೇ ಹೆಬ್ಬಾಳದಲ್ಲಿದೆ. 1950ರಿಂದ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ, ಇದೆ. ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ 2020ರಲ್ಲಿ ತಂದ ಯೋಜನೆಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ ಆರಿಸಿದ ಉತ್ಪನ್ನವೇ ಬೇಕರಿ ತಿನಿಸು. ಆ ಯೋಜನೆಯ ಶೇ 35 ಸಹಾಯಧನಕ್ಕೆ ರಾಜ್ಯ ತನ್ನ ಶೇ 15 ಸೇರಿಸಿತು. ಹೊಸ ಓವನ್ನಿಗೆ ಸಾಲ ಕೊಡುವಾಗಲೇ ಮಿಲಿಗ್ರಾಂ ತೂಗುವ ತಕ್ಕಡಿಯನ್ನೂ ಪಟ್ಟಿಗೆ ಸೇರಿಸೋಣ.

ಈಗ ಒಳಗೆ ಬರುವಾಗ ಒಬ್ಬ ಹುಡುಗ, ಬೇಕರಿ ಮಾಸ್ಟರ್, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ: "ಸಾರ್, ಹತ್ತು ಕಿಲೋ ಜಾಮಿಗೆ ಎಷ್ಟು ಬಣ್ಣ ಹಾಕಬಹುದು? ನಮ್ಮ ತಕ್ಕಡೀಲಿ ಅದು ತೂಗುತ್ತಾ?" ಮೊದಲ ಗೋಷ್ಠಿಯ ಅಧ್ಯಕ್ಷರೇ, ಪ್ರಬಂಧಗಳಿಗೆ ಮುಂಚೆ ದಯವಿಟ್ಟು ಆ ಹುಡುಗನನ್ನು ಮುಂದಿನ ಸಾಲಿಗೆ ಕರೆದು ಉತ್ತರ ಕೊಡಿ.